ಅವ್ವನ ಮೂರ್ತಿ ಮಾಡಬೇಕು ಅಂತ ಕೂತಿದ್ದೇನೆ, ಮಣ್ಣು ಸೀಳುತ್ತಿದೆ, ಕೈ ಬೀಳುತ್ತಿದೆ. ದಾರಿ ಹೇಳಿ

ಘಟಪ್ರಭೆ_ದಂಡೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 46. ಚಿತ್ರ, ಶಿಲ್ಪ ಯಾವುದನ್ನೂ ಯಾರ ಹತ್ತಿರವೂ ಕಲಿತಿಲ್ಲ. ಆದರೆ ಚಿಕ್ಕವಳಿದ್ದಾಗಿನಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಯ ಎತ್ತು ಮಾಡುವವಳು ನಾನೇ. ಕಾರ ಹುಣ್ಣಿಮೆ ಮುಗಿಯಿತು ಅಂದರೆ ಓಣಿಯ ಮಕ್ಕಳು ಈಗಲೂ ಬಂದು ಕೇಳುತ್ತಾರೆ.

ಈ ಸಲ ಎತ್ತು ಮಾಡಿ ಉಳಿದ ಮಣ್ಣಿನಲ್ಲಿ ಸುಮ್ನೆ ಒಂದು ಹೆಂಗಸಿನ ಆಕಾರ ಮಾಡಿದೆ. ನೋಡುತ್ತಾ ಕೂತವಳಿಗೆ ಅವ್ವ ನೆನಪಾದಳು. ಅವ್ವ ಹೋಗಿ ಒಂಬತ್ತು ವರ್ಷ ಆಯಿತು. ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆ ಅಡಿಗೆ ಮನೆಯಲ್ಲಿ ಒಲೆಯ ಮುಂದೆ ಕೂತು ಅವ್ವ ರೊಟ್ಟಿ ಬಡಿಯುತ್ತಿದ್ದ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಮದುವೆಯಲ್ಲಿ ನಿಂತು ತೆಗೆಸಿಕೊಂಡ ಎರಡು ಫೋಟೋ ಇವೆ, ಅಷ್ಟೇ. ಅದಕ್ಕೇ ರೊಟ್ಟಿ ಬಡಿಯುತ್ತಾ ಕೂತ ಅವ್ವನ ಮೂರ್ತಿ ಮಾಡಬೇಕು ಅಂತ ಹಟ ಹಿಡಿದಿದ್ದೇನೆ. ಒಂದು ಗೇಣು ಎತ್ತರ ಇದ್ದರೆ ಸಾಕು.

ಎರಡು ಸಲ ಮಾಡಿದೆ. ಎರಡೂ ಕೆಟ್ಟವು. ಮೊದಲನೆಯದು ಮೂರನೇ ದಿನಕ್ಕೆ ಕುತ್ತಿಗೆಯಿಂದ ಸೊಂಟದ ತನಕ ಸೀಳಿತು. ಎರಡನೆಯದರ ಬಲಗೈ ಮೊಣಕೈ ಹತ್ತಿರ ಕಳಚಿ ಬಿತ್ತು. ಮುಖವನ್ನು ಎಂಟು ರಾತ್ರಿ ತಿದ್ದಿದೆ. ಕಣ್ಣು ಬಂತು, ಮೂಗು ಬಂತು, ಅವ್ವ ಬರಲಿಲ್ಲ.

ಮಣ್ಣು ನಮ್ಮ ಅಣ್ಣನ ಹೊಲದ ಎರೆ ಮಣ್ಣು. ಸಾಮಾನು ಅಂತ ಒಂದು ಚಮಚ, ಒಂದು ಹಳೆಯ ಬಾಚಣಿಗೆ. ತಿಳಿದವರು ದಯವಿಟ್ಟು ಹೇಳಿ.

ಶಾಡುಮಣ್ಣು_ಬೆಳಗಾವಿ · ಸೋಮವಾರ ರಾತ್ರಿ

ಅಕ್ಕಾ, ಮೊದಲು ಮಣ್ಣಿನ ಮಾತು ಮುಗಿಸೋಣ. ನಮ್ಮದು ಗಣಪತಿ ಮಾಡುವ ಮನೆ. ನಾನು ಮೂರ್ತಿ ಮುಟ್ಟುವ ಮೊದಲು ನಾಲ್ಕು ವರ್ಷ ಬರೀ ಮಣ್ಣು ನಾದಿದ್ದೇನೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕಾಲು ಹೋಗುವಷ್ಟು ಬಿರಿಯುತ್ತದಲ್ಲ, ಅದೇ ಬಿರುಕು ನಿಮ್ಮ ಅವ್ವನ ಬೆನ್ನಿನಲ್ಲೂ ಬಂದಿದೆ. ಎತ್ತಿಗೆ ಇದು ಗೊತ್ತಾಗುವುದಿಲ್ಲ. ಎತ್ತು ಚಿಕ್ಕದು, ಗಿಡ್ಡ ಕಾಲು, ಪೂಜೆ ಮುಗಿದರೆ ನೀರಿಗೆ ಹೋಗುತ್ತದೆ. ಒಂದು ಗೇಣಿನ ಗಟ್ಟಿ ಮೂರ್ತಿ ಹಾಗಲ್ಲ. ಹೊರಗೆ ಒಣಗಿ ಕುಗ್ಗುತ್ತಿರುತ್ತದೆ, ಒಳಗೆ ಇನ್ನೂ ಹಸಿ. ಹೊರಗಿನ ಪದರ ಎಳೆದು ಎಳೆದು ಕೊನೆಗೆ ಹರಿಯುತ್ತದೆ.

ಕುಂಬಾರರ ಮನೆಯಿಂದ ಮಡಕೆ ಮಾಡುವ ಮಣ್ಣು ತನ್ನಿ, ಕೇಳಿದರೆ ಅವರು ಇಲ್ಲ ಅನ್ನುವುದಿಲ್ಲ. ಇಲ್ಲವಾದರೆ ಕೆರೆ ಮಣ್ಣು. ಎರಡು ದಿನ ನೀರಲ್ಲಿ ನೆನೆಸಿ, ಜರಡಿ ಹಿಡಿದು, ಬಟ್ಟೆಯ ಮೇಲೆ ಹಾಕಿ ನೀರು ಇಳಿಸಿ. ಆಮೇಲೆ ನಾದಿ. ಎಷ್ಟು ಅಂತ ಕೇಳಬೇಡಿ, ರೊಟ್ಟಿ ಹಿಟ್ಟು ನಾದಿದವರಿಗೆ ಕೈಗೇ ತಿಳಿಯುತ್ತದೆ. ಒಂದು ಪರೀಕ್ಷೆ ಇದೆ. ಬೆರಳು ದಪ್ಪ ಬತ್ತಿ ಹೊಸೆದು ತೋರು ಬೆರಳಿಗೆ ಸುತ್ತಿ. ಬಿರಿಯದೆ ಸುತ್ತಿಕೊಂಡರೆ ಮಣ್ಣು ತಯಾರಾಗಿದೆ. ನಾವು ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಸ್ವಲ್ಪ ಸೇರಿಸುತ್ತೇವೆ. ಅದು ಒಳಗಿಂದ ಹಿಡಿದುಕೊಳ್ಳುತ್ತದೆ.

ಕೈ ಬಿದ್ದದ್ದು ಜೋಡಣೆಯ ತಪ್ಪು. ಒಣಗುತ್ತಿರುವ ಮೈಗೆ ಹಸಿ ಕೈ ಅಂಟಿಸಿದ್ದೀರಿ ಅನಿಸುತ್ತದೆ. ಎರಡೂ ಒಂದೇ ಹದದಲ್ಲಿ ಇರಬೇಕು. ಎರಡೂ ಕಡೆ ಬಾಚಣಿಗೆಯಿಂದ ಗೀರಿ, ಅದೇ ಮಣ್ಣಿನ ಗಟ್ಟಿ ಕೆಸರು ಹಚ್ಚಿ, ಒತ್ತಿ ಸ್ವಲ್ಪ ತಿರುವಿ ಕೂರಿಸಿ. ಸಂದಿಯ ಸುತ್ತ ತೆಳ್ಳಗೆ ಒಂದು ಬತ್ತಿ ಇಟ್ಟು ತೀಡಿಬಿಡಿ.

ಕೆಲಸ ನಿಲ್ಲಿಸಿದಾಗ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಚೀಲ. ಫ್ಯಾನ್ ಕೆಳಗೆ ಇಡಲೇಬೇಡಿ.

ಇಳಕಲ್ಲಿನ_ಹುಡುಗಿ · ಮಂಗಳವಾರ ಬೆಳಿಗ್ಗೆ

ನನಗೂ ಕಲಿಯುವ ಆಸೆ ಇದೆ. ಅಂಗಡಿಯಲ್ಲಿ ಮಕ್ಕಳಿಗೆ ಸಿಗುವ ಬಣ್ಣದ ಕ್ಲೇ ನಡೆಯುತ್ತಾ?

ಶಾಡುಮಣ್ಣು_ಬೆಳಗಾವಿ · ಮಂಗಳವಾರ ಬೆಳಿಗ್ಗೆ

ಕಲಿಯಲು ಬಹಳ ಒಳ್ಳೆಯದು ತಂಗಿ. ಎಣ್ಣೆ ಹಾಕಿದ ಕ್ಲೇ ಒಣಗುವುದೇ ಇಲ್ಲ. ಮಾಡು, ಕೆಡಿಸು, ಮತ್ತೆ ಮಾಡು. ಆದರೆ ಒಂದೇ ಬಣ್ಣದ್ದು ತಗೋ. ನಾಲ್ಕು ಬಣ್ಣ ಕಲೆಸಿದರೆ ಉಬ್ಬು ತಗ್ಗು ಕಣ್ಣಿಗೆ ಕಾಣುವುದಿಲ್ಲ.

ಕೆಂಪುಕಲ್ಲು · ಮಂಗಳವಾರ ಮಧ್ಯಾಹ್ನ

ನಾನು ಬಾದಾಮಿಯವನು, ಕಲ್ಲಿನ ಕೆಲಸದವನು. ಮಣ್ಣಿನ ಬಗ್ಗೆ ಬೆಳಗಾವಿ ಅಣ್ಣ ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ಕೈಯ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು.

ಅಕ್ಕಾ, ಬಾಗಲಕೋಟೆಯಿಂದ ಬಾದಾಮಿ ದೂರ ಅಲ್ಲ. ಒಂದು ದಿನ ಬಂದು ಮೊದಲನೇ ಗುಹೆಯ ನಟರಾಜನ ಮುಂದೆ ನಿಲ್ಲಿ. 18 ಕೈ ಇವೆ. ಈ ಗುಹೆ 6ನೇ ಶತಮಾನದ್ದು. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೇ ಇದೆ. ಅಷ್ಟು ಕಾಲದಿಂದ ಆ ಕೈಗಳು ಹೇಗೆ ನಿಂತಿವೆ ಅಂತ ನೋಡಿ. ಯಾವುದೂ ಗಾಳಿಯಲ್ಲಿ ತೇಲುತ್ತಿಲ್ಲ. ಹಿಂದಿನ ಬಂಡೆಯಿಂದಲೇ ಎದ್ದು ಬಂದಿವೆ. ಕೈ ಚಾಚಿದಂತೆ ಕಾಣಿಸುತ್ತದೆ, ಆದರೆ ಬೆನ್ನಿಗೆ ಬಂಡೆ ಇದೆ.

ನಿಮ್ಮ ಮೂರ್ತಿಯಲ್ಲಿ ಕೈಗೆ ಆಸರೆ ಯಾವುದು? ರೊಟ್ಟಿಯೇ! ಎರಡೂ ಅಂಗೈ ರೊಟ್ಟಿಯ ಮೇಲೆ ಊರಿರಲಿ. ರೊಟ್ಟಿ ಕಲ್ಲಿನ ಮೇಲೆ, ಕಲ್ಲು ನೆಲದ ಮೇಲೆ. ಕೈ ಎತ್ತಿದ ಗಳಿಗೆ ಬೇಡ, ಒತ್ತಿದ ಗಳಿಗೆ ತಗೊಳ್ಳಿ. ತೋಳಿಗೂ ಪಕ್ಕೆಗೂ ನಡುವೆ ತೂತು ಮಾಡಬೇಡಿ, ಅಲ್ಲಿ ಸೆರಗಿನ ಮಣ್ಣು ತುಂಬಿರಲಿ.

ಬಂದಾಗ ಇನ್ನೊಂದು ನೋಡಬೇಕು. ಎಲ್ಲರೂ ದೊಡ್ಡ ಮೂರ್ತಿಗಳ ಫೋಟೋ ತೆಗೆದು ಹೋಗುತ್ತಾರೆ. ಗುಹೆಯ ಕಟ್ಟೆಯ ಉದ್ದಕ್ಕೂ ಗಿಡ್ಡ ಗಣಗಳ ಸಾಲು ಇದೆ. ದಪ್ಪ ಹೊಟ್ಟೆ, ದೊಡ್ಡ ತಲೆ, ಮೊಂಡು ಕಾಲು. ಒಬ್ಬ ಕುಣಿಯುತ್ತಾನೆ, ಒಬ್ಬ ಹೊರೆ ಹೊತ್ತವನ ಹಾಗೆ ಬಾಗುತ್ತಾನೆ. ಹೊಸಬರಿಗೆ ಅವೇ ಗುರುಗಳು. ಗಣಗಳನ್ನು ಮಾಡಿ ಕಲಿಯಿರಿ. ಅಳತೆ ಸ್ವಲ್ಪ ತಪ್ಪಿದರೂ ಮೈ ಕೆಡುವುದಿಲ್ಲ, ಆದರೆ ಕೂರುವುದು, ಬಾಗುವುದು, ಭಾರ ಯಾವ ಕಾಲ ಮೇಲಿದೆ ಅನ್ನುವುದು ಎಲ್ಲ ಬರುತ್ತದೆ. ಪೆನ್ಸಿಲ್ ಹಿಡಿದು ಬರೆದುಕೊಳ್ಳಿ. ಕಲ್ಲು ಮುಟ್ಟಬೇಡಿ, ಮುಟ್ಟಿ ಮುಟ್ಟಿಯೇ ಎಷ್ಟೋ ಸವೆದಿವೆ.

ಕಲ್ಲಿಗೆ ಕೈ ಹಾಕುವ ಆಸೆ ಇದ್ದವರು ಬಳಪದ ಕಲ್ಲಿನಿಂದ ಶುರು ಮಾಡಿ, ಮೆತ್ತಗಿದೆ. ಮರಳುಗಲ್ಲಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ, ನೀರು ಚಿಮುಕಿಸದೆ ಉಳಿ ಹಿಡಿಯಬೇಡಿ. ನಮ್ಮವರಲ್ಲಿ ಕೆಮ್ಮಿ ಕೆಮ್ಮಿ ಹೋದವರನ್ನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡ್ರಾಯಿಂಗ್_ಮಾಸ್ತರ · ಮಂಗಳವಾರ ರಾತ್ರಿ

ವಿಜಯಪುರದಿಂದ. ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಈಗ ನಿವೃತ್ತಿ.

ಅಕ್ಕಾವ್ರ, ಎಂಟು ರಾತ್ರಿ ಮುಖ ತಿದ್ದಿದೆ ಅಂದಿರಲ್ಲ, ಅಲ್ಲೇ ಕೆಲಸ ನಿಂತಿದೆ. ನೀವು ಮುಖ ಹುಡುಕುತ್ತಿದ್ದೀರಿ. ನಿಮ್ಮ ಅವ್ವನನ್ನು ಬೀದಿಯ ಆ ತುದಿಯಲ್ಲಿ ಕಂಡರೆ ಗುರುತು ಹಿಡಿಯುತ್ತಿರಲಿಲ್ಲವಾ? ಅಷ್ಟು ದೂರಕ್ಕೆ ಕಣ್ಣು, ಮೂಗು ಕಾಣುತ್ತಿತ್ತಾ? ನಡಿಗೆಯಿಂದ ಹಿಡಿದಿರಿ. ಕುತ್ತಿಗೆ ಎಷ್ಟು ಮುಂದೆ ಬಾಗಿದೆ, ಯಾವ ಭುಜ ಇಳಿದಿದೆ, ಅದರಿಂದ ಹಿಡಿದಿರಿ. ಆ ಗುರುತು ಮೈಯಲ್ಲಿದೆ. ಮುಖ ಕೊನೆಗೆ.

ಈಗ ಅಳತೆ. ನಿಂತ ಮನುಷ್ಯ ತನ್ನ ತಲೆಯ ಏಳೂವರೆ ಪಟ್ಟು ಇರುತ್ತಾನೆ. ನೆಲದ ಮೇಲೆ ನೆಟ್ಟಗೆ ಕೂತರೆ ಹೆಚ್ಚೂ ಕಡಿಮೆ ನಾಲ್ಕು ತಲೆ. ಬಾಗಿ ಕೂತರೆ ಇನ್ನೂ ಕಡಿಮೆ. ಒಂದು ಗೇಣಿನ ಮೂರ್ತಿಗೆ ತಲೆ ಎರಡೂವರೆ ಇಂಚಿಗಿಂತ ದೊಡ್ಡದಾಗಬಾರದು. ಹೊಸಬರೆಲ್ಲ ತಲೆ ದೊಡ್ಡದು ಮಾಡುತ್ತಾರೆ, ಯಾಕೆಂದರೆ ಕಣ್ಣು ಬಾಯಿ ಕೊರೆಯಲು ಜಾಗ ಬೇಕು ಅನಿಸುತ್ತದೆ. ಕಣ್ಣು ತಲೆಯ ಅರ್ಧದಲ್ಲಿ ಬರುತ್ತದೆ, ಮೇಲೆ ಅಲ್ಲ. ಕಿವಿ ಹುಬ್ಬಿನಿಂದ ಮೂಗಿನ ತುದಿಯ ಮಟ್ಟಕ್ಕೆ. ಅಂಗೈ ಬೆರಳು ಸೇರಿ ಗದ್ದದಿಂದ ಕೂದಲು ಶುರುವಾಗುವ ತನಕ. ನಿಮ್ಮ ಮುಖದ ಮೇಲೆ ನಿಮ್ಮ ಕೈ ಇಟ್ಟು ನೋಡಿಕೊಳ್ಳಿ.

ಟೇಪು ಹಿಡಿದು ನೂರಾರು ಹೆಂಗಸರ ಭುಜ, ಬೆನ್ನು, ಸೊಂಟ ಅಳೆದವರು ನೀವು. ಮೈಯ ಅಳತೆ ನಿಮಗೆ ನಾನು ಏನು ಹೇಳಿಕೊಡಲಿ?

ಕೆಂಪುಕಲ್ಲು · ಮಂಗಳವಾರ ರಾತ್ರಿ

ಮಾಸ್ತರ, ತಲೆಯ ಲೆಕ್ಕಕ್ಕಿಂತ ನಮ್ಮ ತಾಳದ ಲೆಕ್ಕ ಹೊಸಬರಿಗೆ ಚೆನ್ನಾಗಿ ಕೂರುತ್ತದೆ ಅಂತ ನನ್ನ ಅನುಭವ. ಒಂದು ತಾಳ ಅಂದರೆ 12 ಅಂಗುಲ, ಅದೇ ಮುಖದ ಉದ್ದ. ನವತಾಳದ ಮೂರ್ತಿ 108 ಅಂಗುಲ. ಮುಖ 12, ಕುತ್ತಿಗೆ 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ತೊಡೆಯ ಮೂಲಕ್ಕೆ 12, ತೊಡೆ 24, ಮಂಡಿ 4, ಮೊಣಕಾಲ ಕೆಳಗೆ 24, ಪಾದ 4. ಒಂದು ಕಡ್ಡಿಗೆ ಗುರುತು ಹಾಕಿಟ್ಟುಕೊಂಡರೆ ಯಾವ ಗಾತ್ರಕ್ಕೂ ನಡೆಯುತ್ತದೆ. ಗಣಪತಿಗೆ ಪಂಚತಾಳ, ಅಂದರೆ ಐದು. ಈ ಅಂಗುಲ ಇಂಚು ಅಲ್ಲ, ಮೂರ್ತಿಯ ಎತ್ತರವನ್ನೇ ಭಾಗ ಮಾಡಿದ್ದು.

ಡ್ರಾಯಿಂಗ್_ಮಾಸ್ತರ · ಬುಧವಾರ ಬೆಳಿಗ್ಗೆ

ದೇವರಿಗೆ ಸರಿ. ಆದರೆ ರೊಟ್ಟಿ ಬಡಿಯುವ ಅವ್ವನಿಗೆ ನವತಾಳ ಹಾಕಿದರೆ ಅವಳು ದೇವಿ ಆಗಿಬಿಡುತ್ತಾಳೆ. ತೊಡೆ ಉದ್ದ, ಬೆನ್ನು ನೆಟ್ಟಗೆ. 60 ವರ್ಷ ನೀರು ಹೊತ್ತ ಬೆನ್ನು ಹಾಗಿರುವುದಿಲ್ಲ. ಇವರು ಬಂದಿರುವುದು ಒಬ್ಬಳೇ ಒಬ್ಬ ಹೆಂಗಸನ್ನು ಹುಡುಕಿಕೊಂಡು.

ಕೆಂಪುಕಲ್ಲು · ಬುಧವಾರ ಬೆಳಿಗ್ಗೆ

ಈ ಮಾತು ಒಪ್ಪಿದೆ ಮಾಸ್ತರ. ಆದರೂ ಕಡ್ಡಿಯ ಅಳತೆ ಗೊತ್ತಿದ್ದರೆ ಅವ್ವ ಎಲ್ಲಿ ಅದರಿಂದ ಬೇರೆ ಅನ್ನುವುದು ಕಾಣುತ್ತದೆ. ಅದಕ್ಕಾದರೂ ಇರಲಿ.

ಗರಡಿ_ಹುಡುಗ · ಬುಧವಾರ ಸಂಜೆ

ನಾನು ಬೆಳಗಾವಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಕುಸ್ತಿ ಪೈಲ್ವಾನರ ಮೂರ್ತಿ ಮಾಡುವ ಆಸೆ, ಒಂದು ಕಾಲ ಮೇಲೆ ಭಾರ ಹಾಕಿ ನಿಂತದ್ದು. ನಿಲ್ಲಿಸಿದ ಕೂಡಲೇ ಕಣಕಾಲು ಕುಸಿಯುತ್ತದೆ. ಒಳಗೆ ತಂತಿ ಹಾಕಬೇಕಾ?

ಡ್ರಾಯಿಂಗ್_ಮಾಸ್ತರ · ಬುಧವಾರ ರಾತ್ರಿ

ಹಾಕಲೇಬೇಕು ತಮ್ಮಾ. ನಮ್ಮ ವಿಜಯಪುರದ 85 ಅಡಿ ಶಿವನ ಒಳಗೂ ಕಬ್ಬಿಣ ಇದೆ, ಹೊರಗೆ ಸಿಮೆಂಟು. ಅಲ್ಯೂಮಿನಿಯಂ ತಂತಿಯನ್ನು ಎರಡು ಎಳೆ ಹುರಿ ಮಾಡಿ ಬೆನ್ನು, ಕಾಲು, ಕೈ ಕಟ್ಟು. ಮೇಲೆ ತೆಳ್ಳನೆಯ ಬೈಂಡಿಂಗ್ ತಂತಿ ಸುತ್ತು, ಇಲ್ಲದಿದ್ದರೆ ಮಣ್ಣು ಜಾರುತ್ತದೆ. ಕಾಲಿನ ತಂತಿ ಹಲಗೆಯೊಳಗೆ ಹೋಗಿ ಗಟ್ಟಿಯಾಗಿ ನಿಲ್ಲಬೇಕು. ಮೂರ್ತಿ ಮಾಡುವ ಮೊದಲೇ ಬರೀ ತಂತಿ ನೋಡಿದರೆ ಇವನು ಪೈಲ್ವಾನ ಅನ್ನಿಸಬೇಕು. ಅನ್ನಿಸದಿದ್ದರೆ ಮಣ್ಣು ಹಚ್ಚಬೇಡ.

ಭಾರ ಒಂದೇ ಕಾಲ ಮೇಲಿದ್ದರೆ ಗಂಟಲ ಗುಳಿಯಿಂದ ದಾರ ಬಿಟ್ಟರೆ ಅದು ಆ ಕಾಲಿನ ಹಿಮ್ಮಡಿಯ ಹತ್ತಿರ ಬೀಳುತ್ತದೆ. ಗೌಂಡಿಗಳು ಗೋಡೆ ನೋಡುವ ಗುಂಡು ಇದೆಯಲ್ಲ, ಅದೇ ಉಪಾಯ. ಭಾರ ಹೊತ್ತ ಕಡೆ ಸೊಂಟ ಮೇಲೇಳುತ್ತದೆ, ಭುಜ ಇಳಿಯುತ್ತದೆ. ಗರಡಿಯಲ್ಲಿ ನಿಂತು ಕನ್ನಡಿ ನೋಡು.

ತಂತಿಯ ಮೇಲೆ ಎಣ್ಣೆ ಕ್ಲೇಯೇ ಸರಿ. ನೀರಿನ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಆಗ ಸೀಳುತ್ತದೆ.

ಘಟಪ್ರಭೆ_ದಂಡೆ · ಎರಡು ವಾರದ ನಂತರ

ಎಲ್ಲರ ಮಾತೂ ಒಂದು ವಹಿಯಲ್ಲಿ ಬರೆದುಕೊಂಡು ಕೂತಿದ್ದೆ. ಈಗ ಹೇಳುವುದು ಬಹಳ ಇದೆ.

ಕುಂಬಾರ ಓಣಿಯಿಂದ ಒಂದು ಬಕೆಟ್ ಮಣ್ಣು ತಂದೆ. ಬತ್ತಿ ಪರೀಕ್ಷೆ ಮಾಡಿದೆ, ಬಿರಿಯಲಿಲ್ಲ. ಭಾನುವಾರ ಮಗನ ಜೊತೆ ಬಾದಾಮಿಗೆ ಹೋದೆ. ಗಣಗಳ ಮುಂದೆ ಎರಡು ತಾಸು ಕೂತೆ. ಬಂದು ಐದು ಗಣ ಮಾಡಿದೆ. ಐದನೆಯವನು ನಿಜವಾಗಿಯೂ ಕೂತ ಹಾಗೆ ಕೂತ! ಅವನ ಹೊಟ್ಟೆ ತೊಡೆಯ ಮೇಲೆ ಇಳಿದಿತ್ತು. ಅದು ಹೇಗೆ ಬಂತು ಅಂತ ನನಗೇ ಗೊತ್ತಿಲ್ಲ, ಆದರೆ ಬಂತು.

ಆಮೇಲೆ ಅವ್ವ. ಮಾಸ್ತರ ಹೇಳಿದ ಹಾಗೆ ಮುಖದ ಜಾಗದಲ್ಲಿ ಬರೀ ಒಂದು ಉಂಡೆ ಇಟ್ಟೆ. ಒಂದು ಮಂಡಿ ಎತ್ತಿ, ಇನ್ನೊಂದು ಮಡಚಿ, ಅವ್ವ ಹಾಗೇ ಕೂರುತ್ತಿದ್ದಳು. ನಾನೇ ನೆಲದ ಮೇಲೆ ಹಾಗೆ ಕೂತು ರೊಟ್ಟಿ ಬಡಿದೆ. ಮಗ ನಾಲ್ಕೂ ಕಡೆಯಿಂದ, ಮೇಲಿಂದ ಒಂದು, ಹೀಗೆ ಫೋಟೋ ತೆಗೆದ. ಆದರೆ ಮಾಡುತ್ತಾ ಹೋದಂತೆ ಅದು ನಾನೇ ಆದೆ. ಅವ್ವ ಅಲ್ಲ.

ಆಗ ಟೇಪಿನ ಮಾತು ನೆನಪಾಯಿತು. ಅವ್ವನ ಬ್ಲೌಸ್ ಹೊಲಿಯುತ್ತಿದ್ದವಳು ನಾನೇ ಅಲ್ವಾ. ಅವಳ ಅಳತೆ ಬ್ಲೌಸ್ ಒಂದು ಇನ್ನೂ ಪೆಟ್ಟಿಗೆಯಲ್ಲಿತ್ತು. ತೆಗೆದು ಮೇಜಿನ ಮೇಲೆ ಹರಡಿದೆ. ಬಲಭುಜಕ್ಕಿಂತ ಎಡಭುಜ ಅರ್ಧ ಇಂಚು ಕೆಳಗೆ ಕತ್ತರಿಸಿದ್ದೇನೆ. ಬೆನ್ನಿನ ಮೇಲುಭಾಗ ಅಗಲ ಬಿಟ್ಟಿದ್ದೇನೆ, ಯಾಕೆಂದರೆ ಅಲ್ಲಿ ಗೂನು ಬಂದಿತ್ತು. ಇವೆಲ್ಲ ಅವಳಿಗೆ ಬಿಗಿಯಾಗಬಾರದು ಅಂತ ವರ್ಷಗಟ್ಟಲೆ ನಾನೇ ಮಾಡಿದ ತಿದ್ದುಪಡಿ. ಕೈ ಮರೆತಿರಲಿಲ್ಲ, ನಾನು ಮರೆತಿದ್ದೆ.

ಮಣ್ಣಿನಲ್ಲಿ ಎಡಭುಜ ಇಳಿಸಿದೆ. ಕುತ್ತಿಗೆಯ ಕೆಳಗೆ ಹೆಬ್ಬೆರಳಿನಷ್ಟು ಮಣ್ಣು ಹಚ್ಚಿ ತೀಡಿದೆ. ತಲೆಯ ಉಂಡೆ ತಾನೇ ಸ್ವಲ್ಪ ಮುಂದೆ ಬಂತು. ಕೈ ತೆಗೆದು ಹಿಂದೆ ಸರಿದು ನಿಂತೆ. ಇನ್ನೂ ಕಣ್ಣಿಲ್ಲ, ಬಾಯಿಲ್ಲ. ಅವ್ವ ಕೂತಿದ್ದಳು.

ಅವತ್ತು ಮುಂದೆ ಕೆಲಸ ಮಾಡಲು ಆಗಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಇಟ್ಟೆ.

ಡ್ರಾಯಿಂಗ್_ಮಾಸ್ತರ · ಅದೇ ರಾತ್ರಿ

ಅಕ್ಕಾವ್ರ, ಮೂರು ಸಲ ಓದಿದೆ. ಆ ಅಳತೆ ಬ್ಲೌಸ್ ಜೋಪಾನ ಮಾಡಿ. ಮುಖ ಮಾಡುವಾಗ ಹುಬ್ಬಿನ ಏಣು, ಕೆನ್ನೆಯ ತಗ್ಗು, ಗದ್ದ, ಇಷ್ಟರಲ್ಲೇ ನಿಲ್ಲಿಸಿ. ಅಷ್ಟು ಚಿಕ್ಕ ಮುಖಕ್ಕೆ ರೆಪ್ಪೆ ಕೊರೆಯಬೇಡಿ. ನೆರಳು ಬಿದ್ದರೆ ಕಣ್ಣು ಇದ್ದ ಹಾಗೇ ಕಾಣುತ್ತದೆ.

ಇಳಕಲ್ಲಿನ_ಹುಡುಗಿ · ಮರುದಿನ

ಓದಿ ಅಳು ಬಂತು ಅಕ್ಕಾ. ನಾನೂ ಒಂದು ಗಣ ಮಾಡಿದ್ದೇನೆ, ಕ್ಲೇಯಲ್ಲಿ.

ಆವಿಗೆ_ಖಾನಾಪುರ · ಮರುದಿನ

ಮೊದಲಿನಿಂದ ಓದುತ್ತಿದ್ದೆ, ಈಗ ಮಾತಾಡುವ ಹೊತ್ತು ಬಂತು. ಖಾನಾಪುರದಲ್ಲಿ ನಮ್ಮದು ಕುಂಬಾರಿಕೆ. ಅಕ್ಕಾ, ಇದನ್ನು ಸುಡದೆ ಬಿಡಬೇಡಿ. ಹಸಿ ಮಣ್ಣಿಗೆ ಒಂದು ಲೋಟ ನೀರು ಬಿದ್ದರೆ ಎಲ್ಲ ಹೋಯಿತು.

ಒಳಗೆ ತಂತಿ ಇಲ್ಲ ಅಂದುಕೊಂಡಿದ್ದೇನೆ. ಅರಳೆ ಇದ್ದರೆ ಸುಟ್ಟು ಹೋಗುತ್ತದೆ, ತೊಂದರೆ ಇಲ್ಲ. ಮುಖ್ಯ ಮಾತು ಟೊಳ್ಳು. ಮಣ್ಣು ತೊಗಲಿನ ಹಾಗೆ ಬಿಗಿಯಾದಾಗ, ಅಂದರೆ ಒತ್ತಿದರೆ ಬಗ್ಗದೆ ಉಗುರಿಗೆ ಮಾತ್ರ ಸಿಗುವಾಗ, ಮೂರ್ತಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ ಅಡಿಯಿಂದ ಕೊರೆಯಿರಿ. ಸೈಕಲ್ ಕಡ್ಡಿಯನ್ನು ಕುಣಿಕೆ ಹಾಗೆ ಬಗ್ಗಿಸಿ ಬಿದಿರಿಗೆ ಕಟ್ಟಿದರೆ ಅದಕ್ಕಿಂತ ಒಳ್ಳೆಯ ಸಾಮಾನು ಬೇಡ. ಗೋಡೆ ಎಲ್ಲ ಕಡೆ ಬೆರಳು ದಪ್ಪ ಉಳಿಯಲಿ. ತಲೆ ಗಟ್ಟಿಯಾಗಿ ಬಿಡಬೇಡಿ, ಕುತ್ತಿಗೆಯ ಒಳಗಿಂದ ದಬ್ಬಣ ಹಾಯಿಸಿ ದಾರಿ ಮಾಡಿ. ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಉಗಿಯಾಗಿ ಒಡೆಯುತ್ತದೆ.

ಆಮೇಲೆ ನೆರಳಿನಲ್ಲಿ ಕನಿಷ್ಠ ಎರಡು ವಾರ. ಒಣಗಿದೆಯಾ ಅಂತ ತಿಳಿಯಲು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ.

ಒಳ್ಳೆಯದಾಯಿತು ಎರೆ ಮಣ್ಣು ಬಿಟ್ಟಿರಿ. ಅದರಲ್ಲಿ ಸುಣ್ಣದ ಹರಳು ಇರುತ್ತವೆ. ಸುಟ್ಟಾಗ ಏನೂ ಆಗುವುದಿಲ್ಲ, ಮೂರ್ತಿ ಚೆನ್ನಾಗಿ ಹೊರಗೆ ಬರುತ್ತದೆ. ಕೆಲವು ದಿನ ಬಿಟ್ಟು ಆ ಹರಳು ಗಾಳಿಯ ತೇವ ಹೀರಿ ಉಬ್ಬಿ ಮೇಲಿನ ಮಣ್ಣನ್ನು ಚಕ್ಕೆ ಹಾರಿಸುತ್ತದೆ. ಹಾಗೆ ಕೆನ್ನೆ ಕಳೆದುಕೊಂಡ ಗೊಂಬೆ ನೋಡಿದ್ದೇನೆ.

ಕೆಂಪುಕಲ್ಲು · ಅದೇ ಸಂಜೆ

ಇನ್ನೂ ಒಣಗಿಲ್ಲ ಅಂದರೆ ಅಡಿಯಲ್ಲಿ ಹೆಸರು ಬರೆಯಿರಿ ಅಕ್ಕಾ, ಅವ್ವನದೂ ನಿಮ್ಮದೂ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಗುಂಡ, ಸರ್ವಸಿದ್ಧಿ ಆಚಾರಿ ಅನ್ನುವವರ ಹೆಸರನ್ನೂ ಅಲ್ಲಿಯ ಶಾಸನಗಳಲ್ಲಿ ಈಗಲೂ ಓದಬಹುದು. ನಾನು ಆ ಅಕ್ಷರಗಳ ಮುಂದೆ ಪ್ರತಿ ಸಲ ಕೈ ಮುಗಿಯುತ್ತೇನೆ.

ಘಟಪ್ರಭೆ_ದಂಡೆ · ಮೂರು ವಾರದ ನಂತರ

ಕೊರೆದೆ, ಒಣಗಿತು, ಬಿರುಕಿಲ್ಲ. ಎಡಗೈಯ ಹತ್ತಿರ ಕೂದಲೆಳೆಯಂಥ ಗೆರೆ ಒಂದು ಬಂದಿತ್ತು, ಹಸಿ ಇರುವಾಗಲೇ ತುಂಬಿದೆ. ಈಗ ಬೆಳ್ಳಗೆ ಆಗಿದೆ. ಕೆನ್ನೆಗೆ ತಾಗಿಸಿದೆ, ತಣ್ಣಗಿಲ್ಲ. ಅಡಿಯಲ್ಲಿ ಎರಡು ಹೆಸರು ಬರೆದಿದ್ದೇನೆ.

ನಿನ್ನೆ ಚಿಕ್ಕವ್ವ ಬಂದಿದ್ದಳು. ಅವಳಿಗೆ ಏನೂ ಹೇಳಿರಲಿಲ್ಲ. ಮೂರ್ತಿ ಗೋಡೆ ಕಡೆ ಮುಖ ಮಾಡಿ ಕೂತಿತ್ತು. ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಅದರ ಹತ್ತಿರ ನೆಲದ ಮೇಲೆ ಕೂತಿದ್ದಳು. "ಯಾವಾಗ ಬಂದಳು ಇವಳು?" ಅಂತ ಕೇಳಿದಳು. ಮುಂದೆ ತಿರುಗಿಸಿ ಮುಖ ನೋಡಲೇ ಇಲ್ಲ. ಬೆನ್ನ ಮೇಲೆ ಕೈ ಆಡಿಸುತ್ತಾ ಕೂತಳು.

ಖಾನಾಪುರದ ಅಣ್ಣಾ, ನಿಮ್ಮ ಆವಿಗೆಯಲ್ಲಿ ಇದಕ್ಕೊಂದು ಜಾಗ ಸಿಗುತ್ತಾ? ಬಸ್ಸಿನಲ್ಲಿ ಹೇಗೆ ತರಲಿ?

ಆವಿಗೆ_ಖಾನಾಪುರ · ಅದೇ ರಾತ್ರಿ

ಜಾಗ ಇದೆ ಅಕ್ಕಾ. ಮಡಕೆಗಳ ನಡುವೆ ಇಡುತ್ತೇನೆ, ನೇರ ಬೆಂಕಿ ತಾಗುವುದಿಲ್ಲ. ಮೊದಲ ಅರ್ಧ ದಿನ ಬರೀ ಹೊಗೆ, ಸಣ್ಣ ಬೆಂಕಿ. ಉರಿ ಆಮೇಲೆ.

ಒಣಗಿದರೂ ಸುಡದ ಮೂರ್ತಿ ಬಿಸ್ಕೀಟಿನ ಹಾಗೆ, ಮೂರ್ತಿಯ ಕೈ ಹಿಡಿದು ಎತ್ತಬೇಡಿ, ಅಡಿಯಿಂದ ಎತ್ತಿ. ಹಿಟ್ಟಿನ ದೊಡ್ಡ ಡಬ್ಬಿ ಇದ್ದರೆ ತಳಕ್ಕೆ ನಾಲ್ಕು ಬೆರಳು ಹೊಟ್ಟು ಹಾಕಿ ಮೂರ್ತಿ ಕೂರಿಸಿ. ಸುತ್ತಲೂ, ತೋಳಿನ ಕೆಳಗೂ ಹೊಟ್ಟು ತುಂಬಿ, ಅಲುಗಾಡಬಾರದು. ಕಿಟಕಿ ಪಕ್ಕ ಕೂತು ಡಬ್ಬಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಂದಿನ ಸೀಟು ಬೇಡ, ಕುಲುಕು ಜಾಸ್ತಿ. ಮಳೆ ಬಂದರೆ ಒಂದು ದಿನ ಬಿಟ್ಟು ಬನ್ನಿ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ.